ಫ್ಯಾನಿನ ಗಾಳಿಗೆ ಬೆತ್ತದ ತೂಗುದೀಪ: ಮೂರು ವರ್ಷ ಬಳಸಿದ ಮೇಲೆ

ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಫ್ಯಾನ್ ನಿಲ್ಲಿಸಿ ಊಟಕ್ಕೆ ಕೂರುವುದು ಆಗದ ಮಾತು. 40 ಡಿಗ್ರಿ ದಾಟಿದ ಹಗಲಿನ ಕಾವನ್ನು ಹೀರಿಕೊಂಡ ಮಾಳಿಗೆ ರಾತ್ರಿ ಹತ್ತು ಗಂಟೆಯಾದರೂ ಅದನ್ನು ಕೆಳಗೆ ಬಿಡುತ್ತಲೇ ಇರುತ್ತದೆ. ಊಟದ ಮೇಜಿನ ಮೇಲೆ ಹಾಕಲೆಂದು 3,800 ರೂಪಾಯಿ ಕೊಟ್ಟು ಬೆತ್ತದ ತೂಗುದೀಪವನ್ನು ಆನ್‌ಲೈನ್‌ನಲ್ಲಿ ತರಿಸಿದಾಗ ನಾನು ಯೋಚಿಸದೆ ಬಿಟ್ಟದ್ದು ಇದೊಂದನ್ನೇ.

ದೀಪದ ಹೆಣಿಗೆ ಅಚ್ಚುಕಟ್ಟಾಗಿದೆ. ಮೂರು ವರ್ಷಗಳಲ್ಲಿ ಒಂದು ಎಳೆಯೂ ಬಿಚ್ಚಿಲ್ಲ. ಮೇಜಿನಿಂದ 30 ಇಂಚು ಎತ್ತರದಲ್ಲಿ ಅದನ್ನು ತೂಗುಹಾಕಿಸಿದೆವು. ಐದಡಿ ದೂರದಲ್ಲಿದ್ದ ಫ್ಯಾನನ್ನು ಅಂದು ರಾತ್ರಿ ಹಾಕಿದೊಡನೆ, ತೆಳುವಾದ ವೈರಿನ ತುದಿಯಲ್ಲಿದ್ದ ಆ ಹಗುರವಾದ ಬುಟ್ಟಿ ತೂಗಾಡತೊಡಗಿತು. ಅದರೊಂದಿಗೆ ಗೋಡೆಯ ಮೇಲೆ ಬಿದ್ದ ಹೆಣಿಗೆಯ ನೆರಳು, ತಟ್ಟೆಯ ಪಕ್ಕದ ಲೋಟದ ನೆರಳು, ತುತ್ತು ಮುರಿಯುವ ಕೈಗಳ ನೆರಳು ಎಲ್ಲವೂ ಅತ್ತಿಂದಿತ್ತ ಓಲಾಡಿದವು. ನಮ್ಮ ಅತ್ತೆಯವರು ತಲೆ ಸುತ್ತುತ್ತದೆಂದು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಕುಳಿತರು. ಮಾರಿದವರಿಗೆ ಬರೆದರೆ, ದೀಪದಲ್ಲಿ ದೋಷವೇನೂ ಇಲ್ಲವೆಂಬ ಉತ್ತರ ಬಂತು. ಅದು ಸುಳ್ಳಲ್ಲವಾದರೂ, ಸೆಕೆಯ ಊರುಗಳ ಮನೆಗಳಿಗೆ ಮಾರುವಾಗ ಫ್ಯಾನಿನ ವಿಷಯವನ್ನು ಒಂದು ಸಾಲಿನಲ್ಲಾದರೂ ತಿಳಿಸಬೇಕಿತ್ತು ಎಂಬ ನನ್ನ ಅಸಮಾಧಾನ ಇಂದಿಗೂ ಹೋಗಿಲ್ಲ.

ಇನ್ನೊಂದು ಚಿಕ್ಕ ತೊಡಕು ಹೋಲ್ಡರಿನದು. ಇದಕ್ಕೆ ತಿರುಗಿಸಿ ಕೂರಿಸುವ ಇ27 ಬಲ್ಬೇ ಬೇಕು. ನಮ್ಮ ಮನೆಯಲ್ಲಿದ್ದವೆಲ್ಲ ಬಿ22 ಪಿನ್ ಬಲ್ಬುಗಳು. ಬೆಂಗಳೂರು ರಸ್ತೆಯಲ್ಲಿ ಎರಡು ಅಂಗಡಿ ಸುತ್ತಿದ ಮೇಲೆ ಸರಿಯಾದದ್ದು ದೊರೆಯಿತು.

ಮೊದಲ ಬೇಸಿಗೆಯಿಡೀ ಆ ದೀಪ ಆರಿಯೇ ಇತ್ತು. ಕೊನೆಗೆ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಮೆತ್ತನೆಯ ವೈರನ್ನು ಸಣ್ಣ ಕಬ್ಬಿಣದ ಕೊಳವೆಯೊಳಗೆ ತೂರಿಸಿ, ಕೊಳವೆಯನ್ನು ಮಾಳಿಗೆಗೆ ಬಿಗಿದು, ಕೆಳತುದಿಗೆ ಹೋಲ್ಡರನ್ನು ಗಟ್ಟಿಯಾಗಿ ಕೂರಿಸಿ, ಕಪ್ಪು ಬಣ್ಣ ಬಳಿದರು. ಕೂಲಿ, ಸಾಮಾನು ಸೇರಿ 650 ರೂಪಾಯಿ ಆಯಿತು. ಫ್ಯಾನ್ ಐದರಲ್ಲಿ ತಿರುಗುತ್ತಿದ್ದರೂ ಈಗ ದೀಪ ಅಲುಗುವುದಿಲ್ಲ.

ನೆರಳು ನಿಂತ ಮೇಲೆಯೇ ಈ ದೀಪದ ಗುಣ ನನಗೆ ತಿಳಿದದ್ದು. 6500 ಕೆಲ್ವಿನ್‌ನ ಬಿಳಿ ಟ್ಯೂಬ್‌ಲೈಟಿನಡಿ ಬೂದು ಬೂದಾಗಿ ಕಾಣುತ್ತಿದ್ದ ಎಣ್ಣೆಗಾಯಿ, 2700 ಕೆಲ್ವಿನ್‌ನ ಹಳದಿ ಬೆಳಕಿನಲ್ಲಿ ಒಲೆಯಿಂದ ಈಗಷ್ಟೇ ಇಳಿಸಿದಂತೆ ಕಾಣುತ್ತದೆ. ಬುಟ್ಟಿಯ ಬಾಯಿ ಕೆಳಗೆ ತೆರೆದಿರುವುದರಿಂದ ಹೆಣಿಗೆಯ ನೆರಳು ಗೋಡೆಗಷ್ಟೇ ಬೀಳುತ್ತದೆ. ಮೇಜಿನ ಮೇಲೆ ಬೀಳುವುದು 9 ವ್ಯಾಟ್ ಬಲ್ಬಿನ ನೇರ ಬೆಳಕು. ಸಂಜೆ ಏಳರ ಸುಮಾರಿಗೆ ಅತ್ತೆಯವರು ಹಾಲಿನ ಟ್ಯೂಬ್‌ಲೈಟನ್ನು ತಾವೇ ಆರಿಸಿ, ಮೊರದಲ್ಲಿ ಮರುದಿನದ ಜೋಳವನ್ನು ಹರಡಿಕೊಂಡು ಇದರಡಿ ಕೂರುತ್ತಾರೆ. ಜೋಳವನ್ನು ಹಸನು ಮಾಡುವಾಗ ಸಣ್ಣ ಹರಳೂ ಕಣ್ಣಿಗೆ ಬೀಳುತ್ತದೆಂಬುದು ಅವರ ಮಾತು. ಅವರ ಎದುರು ಕುಳಿತು ನಾನು ಶೇಂಗಾ ಸುಲಿಯುತ್ತೇನೆ. ಇಡೀ ದಿನದಲ್ಲಿ ನಾವಿಬ್ಬರೂ ಸಾವಧಾನವಾಗಿ ಮಾತನಾಡುವುದು ಆ ಅರ್ಧ ಗಂಟೆಯಲ್ಲೇ.

ಧೂಳಿನ ಕೆಲಸ ಮಾತ್ರ ತಪ್ಪದು. ಹೆಣಿಗೆಯ ಸಂದುಗಳಲ್ಲಿ ಕೆಂಪು ಧೂಳು ವಾರದೊಳಗೆ ಕೂರುತ್ತದೆ. ಶನಿವಾರ ಬೆಳಗ್ಗೆ ಸ್ವಿಚ್ ಆರಿಸಿ, ಮೊದಲು ಒಣ ಬ್ರಷ್‌ನಿಂದ ಮೇಲಿನಿಂದ ಕೆಳಗೆ ಗುಡಿಸಿ, ಆಮೇಲೆ ಹಿಂಡಿದ ಬಟ್ಟೆಯಿಂದ ಒರೆಸುತ್ತೇನೆ. ಮೊದಲೇ ಒದ್ದೆ ಬಟ್ಟೆ ತಾಗಿಸಿದರೆ ಧೂಳು ಕೆಸರಾಗಿ ಎಳೆಗಳ ನಡುವೆ ಮೆತ್ತಿಕೊಳ್ಳುತ್ತದೆ. ಮೊದಲ ಮಳೆಗೆ ಬರುವ ರೆಕ್ಕೆಹುಳುಗಳು ತೆರೆದ ಬಾಯಿಯಿಂದ ನೇರವಾಗಿ ತಟ್ಟೆಗೆ ಉದುರುವುದರಿಂದ, ಅಂಥ ರಾತ್ರಿಗಳಲ್ಲಿ ಇದನ್ನು ಆರಿಸಿ ಟ್ಯೂಬ್‌ಲೈಟಿನಲ್ಲೇ ಉಣ್ಣುತ್ತೇವೆ.

ಮೇಜಿನ ಹತ್ತಿರ ಫ್ಯಾನ್ ಇರುವವರು ಬೆತ್ತ, ಬಿದಿರು, ಕಾಗದದ ತೂಗುದೀಪವನ್ನು ಕೊಳ್ಳುವುದಾದರೆ, ಕೊಳವೆಯ ಖರ್ಚನ್ನೂ ಬೆಲೆಯೊಂದಿಗೆ ಸೇರಿಸಿಕೊಳ್ಳಲಿ. ನನಗೆ ಒಟ್ಟು 4,450 ರೂಪಾಯಿ ತಗುಲಿತು. ಅಷ್ಟಕ್ಕೆ ಇದನ್ನು ಮತ್ತೆ ಕೊಳ್ಳುತ್ತೇನೆ.