ಹಂಚಿನ ಮನೆಯಲ್ಲಿ ಫೆಲಿವೇ: ಅಂಜಿದ ಬೆಕ್ಕಿಗಾಗಿ ತರಿಸಿದ ಡಿಫ್ಯೂಸರ್

ಕಾಸರಗೋಡು ಪೇಟೆಯ ಫ್ಲ್ಯಾಟೊಂದರಲ್ಲಿ ಆರು ವರ್ಷ ಬೆಳೆದ ಹೆಣ್ಣು ಬೆಕ್ಕು ಕಳೆದ ಮಳೆಗಾಲದಲ್ಲಿ ಬದಿಯಡ್ಕದ ಬಳಿಯ ನಮ್ಮ ಮನೆಗೆ ಬಂತು. ಅದನ್ನು ಸಾಕಿದ್ದ ನಿವೃತ್ತ ಟೀಚರು ಗಲ್ಫಿನಲ್ಲಿರುವ ಮಗನ ಮನೆಗೆ ಹೊರಟಿದ್ದರು. ಬೆಕ್ಕನ್ನು ಜೊತೆಗೆ ಕರೆದೊಯ್ಯುವ ಅನುಕೂಲ ಅವರಿಗಿರಲಿಲ್ಲ. ಕುಂಞಿ ಎಂಬುದು ಅವರಿಟ್ಟ ಹೆಸರು. ಬೆಕ್ಕನ್ನು ಗೋಣಿಚೀಲದಲ್ಲಿ ತಂದು ಅಡುಗೆಮನೆಯಲ್ಲಿ ಬಿಟ್ಟು, ಮುಂದೆ ಒಂದು ಬಟ್ಟಲು ಹಾಲನ್ನ ಇಟ್ಟರೆ ಮುಗಿಯಿತು ಎಂಬುದು ನಮ್ಮ ಕಡೆಯ ರೂಢಿ. ಮರಿಗಾದರೆ ಅದು ಹೇಗೋ ನಡೆದೀತು. ಅಂಗಳದ ಮಣ್ಣನ್ನೇ ತುಳಿಯದೆ, ಒಬ್ಬರದೇ ಧ್ವನಿ ಕೇಳಿ ಬೆಳೆದ ಪ್ರಾಯದ ಬೆಕ್ಕಿಗೆ ಅಷ್ಟು ಸಾಲದೆಂದು ತೋರಿದ್ದರಿಂದ ಫೆಲಿವೇ ಕ್ಲಾಸಿಕ್ ಎಂಬ ಡಿಫ್ಯೂಸರನ್ನು, ಅಂದರೆ ಬೆಕ್ಕಿನ ಅಂಜಿಕೆ ತಗ್ಗಿಸಲೆಂದು ಬಾಟಲಿಯ ದ್ರವವನ್ನು ಕೋಣೆಯ ಗಾಳಿಗೆ ಹರಡುವ ಪ್ಲಗ್ಗಿನ ಸಾಧನವನ್ನು, ಆನ್‌ಲೈನಿನಲ್ಲಿ ತರಿಸಿದೆ. ಎರಡು ಬಾಟಲಿ, ಅಂದರೆ ಎರಡು ತಿಂಗಳು ಬಳಸಿದ ಬಳಿಕ ಇದನ್ನು ಬರೆಯುತ್ತಿದ್ದೇನೆ.

ನೋಡಲು ಇದು ಸೊಳ್ಳೆ ಮೆಷಿನಿನಂತೆಯೇ ಇದೆ. ನಮ್ಮ ಅತ್ತೆಯವರು ಹಾಗೆಯೇ ಭಾವಿಸಿ ಎರಡು ಸಲ ಬೆಳಗ್ಗೆ ಸ್ವಿಚ್ ಆರಿಸಿದ್ದರು. ಆದರೆ ಒಳಗಿರುವುದು ಬೇರೆ. ಬೆಕ್ಕು ನೆಮ್ಮದಿಯಿಂದಿರುವಾಗ ಬಾಗಿಲ ಚೌಕಟ್ಟಿಗೆ, ಕುರ್ಚಿಯ ಕಾಲಿಗೆ, ನಮ್ಮ ಮೊಣಕಾಲಿಗೆ ಕೆನ್ನೆ ಉಜ್ಜುವುದನ್ನು ಎಲ್ಲರೂ ನೋಡಿದ್ದೇವೆ. ಹಾಗೆ ಉಜ್ಜುವಾಗ ಅದರ ಮುಖದ ಗ್ರಂಥಿಗಳಿಂದ ಒಂದು ಸ್ರಾವ ಅಂಟುತ್ತದೆ. ಈ ಜಾಗ ತನಗೆ ಗೊತ್ತಿರುವುದು, ಇಲ್ಲಿ ಭಯವಿಲ್ಲ ಎಂಬ ಗುರುತು ಅದು. ಫ್ರಾನ್ಸಿನ ಪಶುವೈದ್ಯ ಪ್ಯಾಟ್ರಿಕ್ ಪಾಜಾ ಈ ಸ್ರಾವವನ್ನು ವಿಂಗಡಿಸಿ ಗುರುತಿಸಿದ ಅಂಶಗಳಲ್ಲಿ ಎಫ್3 ಎಂಬುದರ ಕೃತಕ ಪ್ರತಿರೂಪವೇ ಈ ಬಾಟಲಿಯಲ್ಲಿರುವುದು. ನಮ್ಮ ಮೂಗಿಗೆ ಅದರ ವಾಸನೆ ಬರುವುದಿಲ್ಲ. ಬೆಕ್ಕು ಅದನ್ನು ಗ್ರಹಿಸುವುದು ಬಾಯಿಯ ಮೇಲ್ಭಾಗದಲ್ಲಿರುವ ಪ್ರತ್ಯೇಕ ಅಂಗದಿಂದ. 48 ಮಿಲಿಲೀಟರಿನ ಬಾಟಲಿಯನ್ನು ಹಗಲೂ ರಾತ್ರಿ ಆರಿಸದೆ ಉರಿಸಿದರೆ ಸುಮಾರು 30 ದಿನ ಬರುತ್ತದೆ, 50ರಿಂದ 70 ಚದರ ಮೀಟರಿನ ಜಾಗಕ್ಕೆ ಸಾಕಾಗುತ್ತದೆ. ಪರದೆಯ ಹಿಂದೆ, ಕಪಾಟಿನ ಕೆಳಗೆ, ತೆರೆದ ಬಾಗಿಲಿನ ಮರೆಯಲ್ಲಿ ಹಾಕಬಾರದು.

ಈ ಅಳತೆಯ ಅರ್ಥವನ್ನು ನಾನು ಮೊದಲಿಗೆ ಸರಿಯಾಗಿ ಗ್ರಹಿಸಲಿಲ್ಲ. ನಮ್ಮದು ಹಳೆಯ ಹಂಚಿನ ಮನೆ. ಚಾವಡಿಗೆ ಮೂರು ಕಡೆ ಅರ್ಧಗೋಡೆ ಮಾತ್ರವಿದ್ದು, ಅದರ ಮೇಲೆ ಮರದ ಅಳಿಗಳಿವೆ. ಹಂಚಿನ ಸಂದಿನಲ್ಲಿಯೂ ಗಾಳಿ ಆಡುತ್ತದೆ. ಡಿಫ್ಯೂಸರನ್ನು ಚಾವಡಿಯ ಪ್ಲಗ್ಗಿಗೆ ಸಿಕ್ಕಿಸಿ ಬೆಕ್ಕನ್ನು ಅಲ್ಲಿಯೇ ಬಿಟ್ಟೆ. ಕುಂಞಿ ಬುಟ್ಟಿಯಿಂದ ಹೊರಬಂದದ್ದೇ ಪತ್ತಾಯದ (ಧಾನ್ಯ ತುಂಬುವ ದೊಡ್ಡ ಮರದ ಪೆಟ್ಟಿಗೆಯ) ಅಡಿಗೆ ಸೇರಿತು. ನೆಲಕ್ಕೂ ಪತ್ತಾಯಕ್ಕೂ ನಡುವಿನ ಐದಾರು ಅಂಗುಲದ ಕತ್ತಲಲ್ಲಿ ಎರಡು ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಪಾಪೆಗಳು ಅಗಲವಾಗಿ ಕಣ್ಣೆಲ್ಲ ಕಪ್ಪಾಗಿತ್ತು. ಹೊರಗೆ ತೆಂಗಿನಕಾಯಿ ಬಿದ್ದ ಸದ್ದಿಗೆ, ಜಿಂಕ್ ಶೀಟಿನ ಮೇಲೆ ಮಳೆ ಸುರಿದ ಸದ್ದಿಗೆ, ಗ್ರೈಂಡರಿನ ಸದ್ದಿಗೆ ಅದು ಇನ್ನಷ್ಟು ಮೂಲೆಗೆ ಸರಿಯುತ್ತಿತ್ತು. ಹೀಗೆ ಒಂಬತ್ತು ದಿನ ಕಳೆದವು. ರಾತ್ರಿ ಎಲ್ಲರೂ ಮಲಗಿದ ಬಳಿಕ ನಾಲ್ಕು ತುತ್ತು ತಿನ್ನುತ್ತಿದ್ದುದರಿಂದ ಜೀವ ಉಳಿಯಿತು. ಅಷ್ಟೂ ದಿನ ಔಷಧಿಯು ಅಳಿಗಳ ಮೂಲಕ ತೋಟದ ಗಾಳಿಗೆ ಹೋಗಿದೆಯೆಂದೇ ನನ್ನ ತಿಳಿವಳಿಕೆ. ಆದ್ದರಿಂದ ಕರಾವಳಿಯ ಹಳೆಯ ಮನೆಗಳಲ್ಲಿರುವವರು, ಬಾಗಿಲು ಕಿಟಕಿ ಮುಚ್ಚಿಡಬಲ್ಲ ಕೋಣೆಯೊಂದು ಇಲ್ಲದಿದ್ದರೆ ಈ ಸಾಧನವನ್ನು ಕೊಳ್ಳಲೇಬಾರದು.

ಹತ್ತನೆಯ ದಿನ ಬೆಕ್ಕನ್ನೂ ಡಿಫ್ಯೂಸರನ್ನೂ ಸಿಮೆಂಟಿನ ಛಾವಣಿಯಿರುವ ಚಿಕ್ಕ ಕೋಣೆಗೆ ಬದಲಿಸಿದೆ. ಮಕ್ಕಳು ಓದುತ್ತಿದ್ದ ಕೋಣೆ ಅದು. ಹತ್ತು ಅಡಿಗೆ ಹತ್ತು ಅಡಿ, ಒಂದೇ ಬಾಗಿಲು. ಒಂದು ಮೂಲೆಯಲ್ಲಿ ಅನ್ನ ನೀರು, ಅದರಿಂದ ಆದಷ್ಟು ದೂರದ ಮೂಲೆಯಲ್ಲಿ ಮಲಮೂತ್ರಕ್ಕೆ ಹೊಯ್ಗೆಯ ತಟ್ಟೆ. ಟೀಚರಿಂದ ಅವರ ಹಳೆಯ ಹೊದಿಕೆಯೊಂದನ್ನು ಒಗೆಯದೆ ಕೊಡುವಂತೆ ಕೇಳಿ ತಂದಿದ್ದೆ. ಫ್ಲ್ಯಾಟಿನಲ್ಲಿ ಬೆಕ್ಕು ಮಲಮೂತ್ರಕ್ಕೆ ಬಳಸಿದ್ದ ಲಿಟ್ಟರನ್ನು ಒಂದು ಹಿಡಿಯಷ್ಟು ಹೊಯ್ಗೆಗೆ ಬೆರೆಸಿದ್ದರಿಂದ ಆ ವಿಷಯದಲ್ಲಿ ಒಂದು ದಿನವೂ ತೊಂದರೆಯಾಗಲಿಲ್ಲ. ಹಣ್ಣಿನಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಯೊಂದನ್ನು ಅಡ್ಡ ಮಲಗಿಸಿ, ಅದರೊಳಗೆ ಹೊದಿಕೆ ಹಾಸಿ, ಬಾಯಿಯನ್ನು ಗೋಡೆಯ ಕಡೆಗೆ ಅರ್ಧ ತಿರುಗಿಸಿಟ್ಟೆ. ಬಾಗಿಲಿನಿಂದ ಬರುವವರನ್ನು ಅದು ಕಾಣಬಹುದು, ತಾನು ಪೂರ್ತಿ ಕಾಣಿಸಿಕೊಳ್ಳಬೇಕಾಗಿಲ್ಲ.

ಈ ಪೆಟ್ಟಿಗೆಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಡಿಫ್ಯೂಸರಿಗೆ ಹಣ ಕೊಟ್ಟು ಪೆಟ್ಟಿಗೆಯನ್ನು ಮರೆಯುವವರೇ ಹೆಚ್ಚು. 2014ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಒಂದು ಅಧ್ಯಯನದಲ್ಲಿ ಆಶ್ರಯತಾಣಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳ ಪೈಕಿ 10ಕ್ಕೆ ಅಡಗಿಕೊಳ್ಳುವ ಪೆಟ್ಟಿಗೆ ಕೊಟ್ಟು, 9ಕ್ಕೆ ಕೊಡದೆ ಗಮನಿಸಿದ್ದರು. ಪೆಟ್ಟಿಗೆ ಸಿಕ್ಕಿದ ಬೆಕ್ಕುಗಳು ಮೂರು ನಾಲ್ಕು ದಿನಗಳಲ್ಲಿಯೇ ಎದ್ದು ಕಾಣುವಷ್ಟು ಶಾಂತವಾಗಿದ್ದವು. ಫೆಲಿವೇ ಕುರಿತಾದ ಸಂಶೋಧನೆಗಳಲ್ಲಾದರೋ ಒಮ್ಮತವಿಲ್ಲ. ಪ್ರಯೋಜನ ಕಂಡವರೂ ಇದ್ದಾರೆ, ಪುರಾವೆ ಸಾಲದೆಂದವರೂ ಇದ್ದಾರೆ. ನಮ್ಮ ಮನೆಯಲ್ಲಿ ಕೋಣೆ ಬದಲಿಸಿದ ನಾಲ್ಕನೆಯ ದಿನ ಸಂಜೆ ಕುಂಞಿ ಪೆಟ್ಟಿಗೆಯಿಂದ ಕತ್ತು ಹೊರಹಾಕಿ, ರಟ್ಟಿನ ಅಂಚಿಗೆ ಎಡಕೆನ್ನೆಯನ್ನು ಒಮ್ಮೆ, ಸ್ವಲ್ಪ ತಡೆದು ಇನ್ನೊಮ್ಮೆ ಉಜ್ಜಿತು. ಅದು ಯಂತ್ರದ ಗುಣವೋ, ಚಿಕ್ಕ ಕೋಣೆಯ ಗುಣವೋ, ಪೆಟ್ಟಿಗೆಯ ಗುಣವೋ ಎಂದು ಬೇರ್ಪಡಿಸಿ ಹೇಳುವುದು ನನ್ನಿಂದಾಗದು. ಮೂರೂ ಸೇರಿದಾಗ ಫಲ ಕಂಡಿತೆಂಬುದು ಮಾತ್ರ ನಿಜ.

ಯಾವ ಬಾಟಲಿಯಲ್ಲಿಯೂ ಸಿಗದ ಸಂಗತಿಯೊಂದಿದೆ, ಅದು ಮಾತು. ಟೀಚರ ಮನೆಮಾತು ಮಲಯಾಳ. ನಾವು ಕನ್ನಡದಲ್ಲಿ ಎಷ್ಟು ಮೃದುವಾಗಿ ಕರೆದರೂ ಕುಂಞಿಯ ಕಿವಿ ಹಿಂದಕ್ಕೇ ಮಡಚಿರುತ್ತಿತ್ತು. ಟೀಚರಿಗೆ ಫೋನ್ ಮಾಡಿ ವಿಚಾರಿಸಿದಾಗ, ಊಟದ ಹೊತ್ತಿಗೆ ತಟ್ಟೆಯನ್ನು ಬೆರಳಿನಿಂದ ಎರಡು ಸಲ ಬಡಿದು "ವಾ, ಕುಂಞಿ, ವಾ" ಎಂದು ಕರೆಯುತ್ತಿದ್ದೆನೆಂದು ಹೇಳಿದರು. ಹೇಳುವಾಗ ಅವರ ಗಂಟಲು ಕಟ್ಟಿತು. ಮರುದಿನ ಹಾಗೆಯೇ ಕರೆದಾಗ ಕಿವಿಗಳು ಮುಂದಕ್ಕೆ ತಿರುಗಿದವು. ಏಳು ಭಾಷೆಗಳ ನಾಡಿನಲ್ಲಿ ಬೆಕ್ಕಿನ ಭಾಷೆಯನ್ನೂ ಕೇಳಿ ತಿಳಿಯಬೇಕಾದದ್ದು ನ್ಯಾಯವೇ. ದಿನಕ್ಕೆ ಎರಡು ಹೊತ್ತು ಅರ್ಧ ಗಂಟೆ ನೆಲದ ಮೇಲೆ ಕುಳಿತು, ಮುಟ್ಟಲು ಹೋಗದೆ, ಗಟ್ಟಿಯಾಗಿ ಪೇಪರು ಓದುತ್ತಿದ್ದೆ. ಅದು ನನ್ನತ್ತ ನೋಡಿದಾಗ ಕಣ್ಣನ್ನು ಅರ್ಧ ಮುಚ್ಚಿ ನಿಧಾನವಾಗಿ ತೆರೆಯುತ್ತಿದ್ದೆ. ಹಾಗೆ ಮಾಡುವವರ ಬಳಿಗೆ ಬೆಕ್ಕುಗಳು ಬರುವ ಸಂಭವ ಹೆಚ್ಚೆಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ. ಹದಿನೇಳನೆಯ ದಿನ ಅದು ಬಂದು ಪೇಪರಿನ ಮೇಲೆ ಕುಳಿತಿತು.

ಡಿಫ್ಯೂಸರ್ ಇದೆಯೆಂದು ನಿಶ್ಚಿಂತರಾಗಬಾರದ ಸಂದರ್ಭಗಳಿವೆ. ಪ್ರಾಯದ ಬೆಕ್ಕು, ಅದರಲ್ಲಿಯೂ ಮೈತುಂಬಿಕೊಂಡಿರುವ ಬೆಕ್ಕು, ಎರಡು ಮೂರು ದಿನ ಏನನ್ನೂ ತಿನ್ನದಿದ್ದರೆ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಾಪಾಯವಾಗಬಹುದು. ಗಂಡು ಬೆಕ್ಕು ತಟ್ಟೆಯಲ್ಲಿ ಮತ್ತೆ ಮತ್ತೆ ಕುಳಿತೂ ಮೂತ್ರ ಬಾರದಿದ್ದರೆ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು. ಕುಂಞಿ ಒಣ ತಿಂಡಿಯನ್ನು ಮುಟ್ಟದಿದ್ದಾಗ ಬೂತಾಯಿಯನ್ನು ಉಪ್ಪು ಹಾಕದೆ ಬೇಯಿಸಿ, ಮುಳ್ಳು ತೆಗೆದು, ಬೆಚ್ಚಗಿರುವಾಗಲೇ ಕೊಟ್ಟೆ. ವಾಸನೆಗೆ ಆಸೆಪಟ್ಟು ತಿಂದಿತು. ಅಲ್ಲದೆ ಆ ಕೋಣೆಯ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಬೇಡಿ. ಫೀನಾಲ್ ಇರುವ ದ್ರಾವಣಗಳು ಬೆಕ್ಕಿಗೆ ವಿಷ. ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕಿಯೇ ನೆಕ್ಕುತ್ತದೆ.

ಬೆಲೆ ಕಡಿಮೆಯದಲ್ಲ. ನಮ್ಮಂಥ ಮನೆಗೆ ಒಂದು ಸೆಟ್ಟಿನ ಖರ್ಚು ಬೆಕ್ಕಿನ ಒಂದು ತಿಂಗಳ ಮೀನು ತಿಂಡಿಗಳ ಖರ್ಚಿಗಿಂತ ಮೇಲೆ ಹೋಯಿತು. ಮಳೆಗಾಲದಲ್ಲಿ ಕರೆಂಟು ಹೋದಾಗಲೆಲ್ಲ ಯಂತ್ರ ತಣ್ಣಗಾಗುತ್ತದೆ. ಒಮ್ಮೆ ಗಾಳಿಮಳೆಗೆ ಒಂದೂವರೆ ದಿನ ಕರೆಂಟಿಲ್ಲದಿದ್ದಾಗಲೂ ಕುಂಞಿ ಪೆಟ್ಟಿಗೆಯಲ್ಲಿಯೇ ಸಮಾಧಾನದಿಂದಿತ್ತು. ಸೆಟ್ಟಿನಲ್ಲಿ ಬರುವ ಪ್ಲಗ್ಗು ನಮ್ಮ ಸಾಕೆಟ್ಟಿಗೆ ಹೊಂದುತ್ತದೆಯೇ, ಬಾಟಲಿಯ ಅವಧಿ ಮುಗಿದಿಲ್ಲವೇ ಎಂಬುದನ್ನು ಹಣ ಕೊಡುವ ಮುನ್ನ ಮಾರುವವರಲ್ಲಿ ಕೇಳಿ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ; ಪೇಟೆಯ ಫ್ಲ್ಯಾಟಿನಲ್ಲಿರುವವರು ಅದನ್ನು ನಾಲ್ಕೆಂದು ತಿಳಿಯಬಹುದು.

ಐದನೆಯ ವಾರ ಕೋಣೆಯ ಬಾಗಿಲನ್ನು ಸಂಜೆಹೊತ್ತು ತೆರೆದಿಡತೊಡಗಿದೆ. ಅಂಗಳಕ್ಕೆ ಬಿಟ್ಟದ್ದು ಎರಡು ತಿಂಗಳಾದ ಮೇಲೆ, ಅದೂ ಊಟಕ್ಕೆ ಮುಂಚೆ, ಹಸಿದಿರುವಾಗ. ಮೂರನೆಯ ಬಾಟಲಿ ತರಿಸಲಿಲ್ಲ. ಒಂಬತ್ತು ದಿನ ಅಡಗಿದ್ದ ಅದೇ ಪತ್ತಾಯದ ಮೂಲೆಯಲ್ಲಿ, ಬೆಕ್ಕಿನ ಕೆನ್ನೆಯ ಎತ್ತರಕ್ಕೆ ಸರಿಯಾಗಿ, ಈಗ ಎಣ್ಣೆ ಹಿಡಿದಂಥ ಕಂದು ಕಲೆಯೊಂದು ಮೂಡಿದೆ. ಅತ್ತೆಯವರು ಅದನ್ನು ಒರೆಸಲು ಬಟ್ಟೆ ಹಿಡಿದು ಬಂದಾಗ, ಅದು ಅಲ್ಲಿಯೇ ಇರಲಿ ಎಂದು ಕೇಳಿಕೊಂಡೆ.