ಬೋಯಿಂಗ್ 40ಎ: ಅಂಚೆ ಚೀಲದ ಅಳತೆಗೆ ಹೊಲಿದ ವಿಮಾನ

1927ರ ಜುಲೈನಿಂದ ಷಿಕಾಗೊ–ಸ್ಯಾನ್ ಫ್ರಾನ್ಸಿಸ್ಕೊ ಏರ್‌ಮೇಲ್ (ವಿಮಾನ ಅಂಚೆ) ಮಾರ್ಗದಲ್ಲಿ ಹಾರಿದ ಈ ವಿಮಾನವನ್ನು ಪ್ರಯಾಣಿಕರ ಕಣ್ಣಲ್ಲಿ ನೋಡಿದರೆ ನಿರಾಸೆಯೇ. ಮುಚ್ಚಿದ ಪುಟ್ಟ ಕ್ಯಾಬಿನ್ನಿನಲ್ಲಿ ಇಬ್ಬರಿಗಷ್ಟೇ ಜಾಗ. ಪೈಲಟ್ ಪಾಪ, ಹಿಂದೆ ತೆರೆದ ಕಾಕ್‌ಪಿಟ್ಟಿನಲ್ಲಿ ಗಾಳಿಗೆ ಮುಖವೊಡ್ಡಿ ಕೂರಬೇಕು. ಆದರೆ ಅಂಚೆ? ಸುಮಾರು 1,200 ಪೌಂಡ್ ಹೊರುತ್ತದೆ. ಇದರ ‘ವಾಸ್ಪ್’ ಎಂಬ ಎಂಜಿನ್ ಗಾಳಿಯಿಂದಲೇ ತಣಿಯುವುದರಿಂದ ರೇಡಿಯೇಟರ್, ನೀರು, ಕೊಳವೆಗಳ ಭಾರವಿಲ್ಲ. ಉಳಿದ ತೂಕವೆಲ್ಲ ಚೀಲದ ಪಾಲು.

ಲಾಭದ ಗುಟ್ಟು ಇಲ್ಲೇ ಇದೆ. ಏರ್‌ಮೇಲ್ ಕಾಯ್ದೆಯ 1926ರ ತಿದ್ದುಪಡಿಯಂತೆ ಅಮೆರಿಕ ಸರ್ಕಾರ ಅಂಚೆ ಹೊರುವ ಗುತ್ತಿಗೆದಾರರಿಗೆ ದುಡ್ಡು ಕೊಡುತ್ತಿದ್ದದ್ದು ತೂಕಕ್ಕೆ: ಮೊದಲ 1,000 ಮೈಲಿಗೆ ಪೌಂಡಿಗೆ 3 ಡಾಲರ್‌ವರೆಗೆ. ಬೋಯಿಂಗ್ ಅದರ ಅರ್ಧಕ್ಕೇ, 1.50 ಡಾಲರಿಗೆ, ಗುತ್ತಿಗೆ ಹಿಡಿಯಿತು.

ಪದ್ಧತಿಯಲ್ಲೊಂದು ತೂತಿತ್ತು. 1928ರಲ್ಲಿ ಏರ್‌ಮೇಲ್ ಕಾಗದಕ್ಕೆ ಜನ ಕಟ್ಟಬೇಕಾದ ಮೊದಲ ಔನ್ಸಿನ ದರ 5 ಸೆಂಟಿಗೆ ಇಳಿಯಿತು. ಒಂದೊಂದು ಔನ್ಸಿನ 16 ಲಕೋಟೆಗೆ, ಅಂದರೆ ಒಂದು ಪೌಂಡಿಗೆ, 80 ಸೆಂಟ್ ಅಂಚೆಚೀಟಿ. 3 ಡಾಲರ್ ದರದ ಗುತ್ತಿಗೆದಾರ ತನಗೆ ತಾನೇ ಕಾಗದ ಹಾಕಿಕೊಂಡರೂ 2.20 ಡಾಲರ್ ಗಿಟ್ಟುತ್ತಿತ್ತು! 1930ರ ಕಾಯ್ದೆ ತೂಕ ಬಿಟ್ಟು ವಿಮಾನದಲ್ಲಿ ಅಂಚೆಗೆ ಸಿಗುವ ಜಾಗಕ್ಕೆ, ಮೈಲಿಗೆ 1.25 ಡಾಲರ್‌ವರೆಗೆ, ಹಣ ಕಟ್ಟಿತು. ದೊಡ್ಡ ವಿಮಾನ ಇಟ್ಟವರಿಗೆ ಅನುಕೂಲ. ಎರಡು ಸೀಟಿನ 40ಎ ಮೂಲೆಗೆ ಸರಿಯಿತು.