ಜೋಡು ನಳಿಗೆ ಕೋವಿಗೆ ಉಕ್ಕಿನ ಕಪಾಟು: ತಗಡು ಗಟ್ಟಿ, ಒಳಗಿನ ಫೋಮ್ ಬೇಡ

ಮಲೆನಾಡು, ಕೊಡಗಿನ ಮನೆಗಳಿಗೆಂದು ಫ್ಯಾಬ್ರಿಕೇಶನ್ ಶಾಪ್‌ಗಳಲ್ಲಿ ಮಾಡಿಸುವ 3 ಮಿ.ಮೀ. ತಗಡಿನ ಕೋವಿ ಕಪಾಟಿನ ವಿಮರ್ಶೆ ಇದು. ಎತ್ತರ 54 ಇಂಚು, ಅಗಲ 12, ಆಳ 10. ನಳಿಗೆ 30 ಇಂಚಿರುವ 12 ಬೋರ್ ಕೋವಿಯ ಒಟ್ಟು ಉದ್ದ 47 ಇಂಚಿನ ಆಸುಪಾಸು, ಹಾಗಾಗಿ ಬಿಚ್ಚದೆ ನಿಲ್ಲಿಸಬಹುದು. ಬಟ್ಟೆ ಬೀರುವಿನ ತೆಳು ತಗಡಾದರೆ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಸಾಕು, ಬಾಗಿಲು ಬಾಗುತ್ತದೆ. ಇದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಆದರೆ ಖಾಲಿ ಕಪಾಟಿನ ತೂಕ ಸುಮಾರು 40 ಕೆ.ಜಿ. ಮಾತ್ರ. ಇಬ್ಬರು ಸೇರಿದರೆ ಹೊತ್ತುಕೊಂಡೇ ಹೋಗಬಹುದು. ಹಿಂಬದಿಗೆ ನಾಲ್ಕು ಎಕ್ಸ್‌ಪಾನ್ಷನ್ ಬೋಲ್ಟ್ ಕೊಡುತ್ತಾರೆ. ಕಾಂಕ್ರೀಟ್ ಗೋಡೆಯಲ್ಲಿ ಅವು ನಿಲ್ಲುತ್ತವೆ. ಮಣ್ಣಿನ ಗೋಡೆಯಲ್ಲಿ ಬಿಗಿದಷ್ಟೂ ತೂತು ಪುಡಿಯಾಗುತ್ತದೆ. ಹಳೇ ಮನೆಯಾದರೆ ತಳದಲ್ಲೂ ತೂತು ಹಾಕಿಸಿ ನೆಲದ ಕಾಂಕ್ರೀಟಿಗೆ ಬಿಗಿಯಿರಿ.

ದೊಡ್ಡ ತಪ್ಪು ಒಳಗಿನ ಫೋಮ್. ಮಳೆಗಾಲದಲ್ಲಿ ಅದು ತೇವ ಹೀರಿ ಬಿಡುವುದೇ ಇಲ್ಲ. ನಳಿಗೆ ಒರಗಿದ ಜಾಗದಲ್ಲಿ ಮೊದಲು ಸಾಸಿವೆಯಷ್ಟು ಕಂದು ಚುಕ್ಕೆ, ಆಮೇಲೆ ಉಗುರಿಗೆ ಸಿಗುವ ಗುಳಿ. ಫೋಮ್ ಕಿತ್ತು, ನಳಿಗೆ ಕೂರುವಂತೆ ತೋಡು ಕೊರೆದ ಮರದ ಪಟ್ಟಿ ಹಾಕಿಸಿ. ತೇವ ಹೀರುವ ನೀಲಿ ಸಿಲಿಕಾ ಜೆಲ್ 200 ಗ್ರಾಂ ಇಡಿ. ಗುಲಾಬಿಗೆ ತಿರುಗಿದಾಗ ಬಿಸಿ ಮಾಡಿ ಒಣಗಿಸಿ, ಅಡುಗೆ ಬಾಣಲೆಯಲ್ಲಿ ಮಾತ್ರ ಬೇಡ, ಆ ನೀಲಿ ಬಣ್ಣ ವಿಷ. ಎಣ್ಣೆ ಹಾಕಿದ ಕೋವಿಯನ್ನು ನಳಿಗೆ ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಇಲ್ಲದಿದ್ದರೆ ಎಣ್ಣೆ ಹಿಡಿಮರಕ್ಕೆ ಇಳಿದು ಮರ ಮೆತ್ತಗಾಗುತ್ತದೆ. ಇಡುವ ಮೊದಲು ಕೋವಿಯನ್ನು ಮಡಚಿ ತೆರೆದು, ಎರಡೂ ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಲೇಬೇಕು.

ತೋಟೆಗೆಂದು (ಕಾಡತೂಸಿಗೆಂದು) ಮೇಲೊಂದು ಪುಟ್ಟ ಖಾನೆ ಇದೆ. ಅದಕ್ಕೂ ಅದೇ ಕೀಲಿ! ಹೀಗಿದ್ದರೆ ಖಾನೆ ಇದ್ದೂ ಇಲ್ಲದಂತೆ. ತೋಟೆ ಬೇರೆ ಕೋಣೆಯಲ್ಲಿ, ಬೇರೆ ಬೀಗದಲ್ಲಿ, ಗಾಳಿಯಾಡದ ಡಬ್ಬಿಯಲ್ಲಿರಲಿ. ಕಾಗದದ ತೋಟೆ ತೇವಕ್ಕೆ ಉಬ್ಬಿದರೆ ನಳಿಗೆಯಲ್ಲಿ ಕೂರುವುದಿಲ್ಲ, ಕೂತರೆ ಹೊರಬರುವುದಿಲ್ಲ.

ನಂಬರ್ ಒತ್ತುವ ಬ್ಯಾಟರಿ ಬೀಗ ತೆಗೆದುಕೊಳ್ಳಬೇಡಿ, ತೇವಕ್ಕೆ ಕಿಲುಬು ಹಿಡಿಯುತ್ತದೆ. ಲಿವರ್ ಬೀಗವೇ ವಾಸಿ.

ನಾಲ್ಕು ಕೋವಿಯ ಮಾದರಿಯೂ ಸಿಗುತ್ತದೆ, ಅದನ್ನು ಶಿಫಾರಸು ಮಾಡುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸ್‌ದಾರರಿಗೆ ಎರಡೇ ಕೋವಿಯ ಮಿತಿ. ಅಪ್ಪನದೂ ಮಗನದೂ ಒಂದೇ ಕಪಾಟಿನಲ್ಲಿಟ್ಟರೆ ಕೀಲಿ ಇಬ್ಬರ ಕೈಗೂ ಹೋಗುತ್ತದೆ, ಆದರೆ ಲೈಸೆನ್ಸ್ ಇರುವುದು ಒಬ್ಬೊಬ್ಬರ ಹೆಸರಲ್ಲಿ. ಲೈಸೆನ್ಸಿನ ಷರತ್ತು ಮುರಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 30ನೇ ಸೆಕ್ಷನ್‌ನಡಿ ಆರು ತಿಂಗಳವರೆಗೆ ಜೈಲಾಗಬಹುದು. ಕೊಡವರಿಗೂ ಜಮ್ಮಾ (ಕೊಡಗಿನ ಪಾರಂಪರಿಕ ಭೂಮಿ) ಹಿಡುವಳಿದಾರರಿಗೂ 2029ರವರೆಗೆ ಇರುವ ವಿನಾಯಿತಿ ಲೈಸೆನ್ಸಿನಿಂದ. ಮನೆಯಲ್ಲಿ ಮಕ್ಕಳಿದ್ದಾರೆ ಎಂಬ ಜವಾಬ್ದಾರಿಯಿಂದಲ್ಲ.

ಬೀಗಕ್ಕೆ ಎರಡು ಕೀಲಿ ಬರುತ್ತವೆ. ಎರಡನೆಯದನ್ನು ಕಪಾಟಿನ ತಲೆಯ ಮೇಲೋ ದೇವರ ಕೋಣೆಯ ಮೊಳೆಗೋ ತೂಗುಹಾಕಬೇಡಿ. ಮಕ್ಕಳು ಮೊದಲು ನೋಡುವುದೇ ಅಲ್ಲಿ.